ಕುಷ್ಠರೋಗದ ಅಂಕಿಗಳೂ ವಲಸೆಯ ಆಪಾದನೆಯೂ

೧

ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಮಾರ್ಗದಲ್ಲಿ, ಬಳ್ಳಾರಿಗೂ ಹೊಸಪೇಟೆಗೂ ನಡುವೆ, ತೋರಣಗಲ್ಲು ಎಂಬ ಜಂಕ್ಷನ್ ಇದೆ. ಸಂಡೂರು ತಾಲ್ಲೂಕಿಗೆ ಸೇರಿದ ಈ ಊರು ಹಿಂದೆ ಬೆಟ್ಟಗಳಿಂದ ಅದಿರು ಇಳಿದು ಬರುವ ಕವಲುದಾರಿಯ ನಿಲ್ದಾಣವೆಂದಷ್ಟೇ ಹೊರಗಿನವರಿಗೆ ಪರಿಚಿತವಾಗಿತ್ತು. ೧೯೯೦ರ ದಶಕದಲ್ಲಿ ಇಲ್ಲಿ ಉಕ್ಕಿನ ಕಾರ್ಖಾನೆ ಸ್ಥಾಪಿತವಾದ ಮೇಲೆ ಬಿಹಾರ, ಝಾರ್ಖಂಡ, ಒಡಿಶಾ, ಛತ್ತೀಸಗಢ, ಉತ್ತರ ಪ್ರದೇಶಗಳಿಂದ ಕೆಲಸಗಾರರು ಬಂದು ನೆಲಸತೊಡಗಿದರು. ಇಂದು ನಿಲ್ದಾಣದ ಹೊರಗಿನ ಚಹದ ಅಂಗಡಿಗಳಲ್ಲಿ ಕನ್ನಡ, ತೆಲುಗುಗಳಷ್ಟೇ ಭೋಜಪುರಿಯೂ ಕಿವಿಗೆ ಬೀಳುತ್ತದೆ.

ಬಿ.ಎ. ತರಗತಿಯಲ್ಲಿ ವಸಾಹತು ಕಾಲದ ಜನಗಣತಿಯನ್ನು ಕುರಿತು ಪಾಠ ಮಾಡುತ್ತಿದ್ದ ಒಂದು ದಿನ, ಆ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸರ್, ನಮ್ ಕಡೆ ಇಲ್ಲದ ಕುಷ್ಠರೋಗಾನ ಹೊರಗಿನ ಕೂಲಿಯೋರು ತಂದಾರಂತ, ಹೌದೇನ್ರಿ?” ಎಂದು ಕೇಳಿದ. ವೈದ್ಯರನ್ನು ಕೇಳಬೇಕೆಂದು ಹೇಳಿ ನಾನು ಪಾಠವನ್ನು ಮುಂದುವರಿಸಿದೆ. ಆದರೆ ಆ ಪ್ರಶ್ನೆಯಲ್ಲಿ ಅರ್ಧದಷ್ಟು ಮಾತ್ರ ವೈದ್ಯರಿಗೆ ಸೇರಿದ್ದೆಂದೂ, ‘ಇಲ್ಲದ’, ‘ಹೊರಗಿನ’, ‘ತಂದಾರ’ ಎಂಬ ಮೂರು ಮಾತುಗಳು ಚರಿತ್ರೆಯನ್ನು ಓದುವವರು ಪರೀಕ್ಷಿಸಬೇಕಾದವೆಂದೂ ಅನಂತರ ತೋರಿತು. ಪ್ರಕೃತ ಲೇಖನವು ಆ ವಿದ್ಯಾರ್ಥಿಗೆ ತಡವಾಗಿ ಕೊಡುತ್ತಿರುವ ಉತ್ತರ. ಲೇಖಕನು ವೈದ್ಯನಲ್ಲ, ರೋಗದ ಲಕ್ಷಣ, ಚಿಕಿತ್ಸೆಗಳ ವಿಷಯದಲ್ಲಿ ಸರ್ವಸಮ್ಮತವಾದುದನ್ನಷ್ಟೇ ಆಧರಿಸಲಾಗಿದೆ.

ಹುಡುಗನ ಮಾತು ಅವನು ಕಟ್ಟಿದ್ದಲ್ಲ. ಕುಷ್ಠರೋಗ ವಿರಳವಾದ ದೇಶಗಳ ವರದಿಗಳಿಗೆ ಈಗ ಒಂದು ನಿಶ್ಚಿತ ಆಕಾರ ಬಂದಿದೆ. ಹೊಸ ರೋಗಿಗಳನ್ನು ದೇಶದಲ್ಲಿ ಹುಟ್ಟಿದವರು, ಪರದೇಶದಲ್ಲಿ ಹುಟ್ಟಿದವರು ಎಂದು ಎರಡಾಗಿ ವಿಂಗಡಿಸುತ್ತಾರೆ. ಮೊದಲ ಗುಂಪಿನ ರೇಖೆ ಇಳಿಯುತ್ತ ಹೋಗಿ ಸೊನ್ನೆಯನ್ನು ಮುಟ್ಟುತ್ತದೆ. ಎರಡನೆಯದು ಇದ್ದಲ್ಲಿಯೇ ಇರುತ್ತದೆ ಅಥವಾ ಅಲ್ಪಸ್ವಲ್ಪ ಏರುತ್ತದೆ. ಇಲ್ಲಿ ಉಳಿದಿರುವ ರೋಗವು ‘ಆಮದಾದ’ ರೋಗ ಎಂಬ ತೀರ್ಮಾನ ಇದರಿಂದ ತಾನಾಗಿಯೇ ಹೊರಡುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಜೋರ್ಡಾನ್ ದೇಶವು ಕುಷ್ಠರೋಗವನ್ನು ನಿರ್ಮೂಲ ಮಾಡಿದ ಮೊದಲ ರಾಷ್ಟ್ರವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದಾಗ ಆಧಾರವಾದದ್ದೂ ಇಂಥ ವಿಂಗಡಣೆಯೇ: ಎರಡು ದಶಕಗಳಿಗೂ ಮಿಕ್ಕಿ ಅಲ್ಲಿ ಸ್ಥಳಜನ್ಯ ರೋಗಿಯೊಬ್ಬನೂ ಕಂಡುಬಂದಿರಲಿಲ್ಲ. ಆ ದೇಶದ ಮಟ್ಟಿಗೆ ಇದು ನ್ಯಾಯವಾದ ಲೆಕ್ಕ. ಅದರಲ್ಲಿ ದೋಷ ಹುಡುಕುವ ಉದ್ದೇಶ ನನಗಿಲ್ಲ.

ತೊಡಕು ಉಂಟಾಗುವುದು ಈ ಆಕಾರವನ್ನು ಅಲ್ಲಿಂದ ಕಿತ್ತು ಭಾರತದ ಒಂದು ಜಿಲ್ಲೆಗೆ, ಒಂದು ತಾಲ್ಲೂಕಿಗೆ ತಂದು ನೆಟ್ಟಾಗ. ೨೦೨೩ರಲ್ಲಿ ಜಗತ್ತಿನಾದ್ಯಂತ ಪತ್ತೆಯಾದ ೧,೮೨,೮೧೫ ಹೊಸ ರೋಗಿಗಳ ಪೈಕಿ ೧,೦೭,೮೫೧ ಮಂದಿ ಭಾರತದಲ್ಲಿಯೇ ಇದ್ದರು. ಕರ್ನಾಟಕದಲ್ಲಿ ರೋಗಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಗಿರುವುದರಿಂದ ನಾವು ನಮ್ಮನ್ನು ‘ವಿರಳ’ ಪ್ರದೇಶವೆಂದು ಕರೆದುಕೊಳ್ಳುತ್ತೇವೆ. ಛತ್ತೀಸಗಢ, ಬಿಹಾರಗಳನ್ನು ‘ದಟ್ಟ’ ಪ್ರದೇಶವೆನ್ನುತ್ತೇವೆ. ಅಲ್ಲಿಂದ ರೈಲಿನಲ್ಲಿ ಬಂದ ಕೆಲಸಗಾರನು ಒಂದೇ ದೇಶದೊಳಗೆ ‘ಆಮದು’ ಆಗಿಬಿಡುತ್ತಾನೆ. ಈ ತರ್ಕಕ್ಕೆ ಎಷ್ಟು ಬಲವಿದೆ ಎಂಬುದೇ ಇಲ್ಲಿಯ ಪ್ರಶ್ನೆ.

೨

ರೋಗವನ್ನು ಅನ್ಯರ ಊರಿಗೆ ಕಟ್ಟುವ ಪ್ರವೃತ್ತಿ ಹೊಸದಲ್ಲ. ಅಲೆಕ್ಸಾಂಡರನ ಸೈನಿಕರು ಭಾರತದಿಂದ ಕುಷ್ಠವನ್ನು ಯೂರೋಪಿಗೆ ಒಯ್ದರೆಂಬ ಕಥೆಯನ್ನು ಪಾಶ್ಚಾತ್ಯ ಲೇಖಕರು ಬಹುಕಾಲ ಬರೆದುಕೊಂಡು ಬಂದರು. ೨೦೦೫ರಲ್ಲಿ ಜೀವಾಣುವಿನ ವಂಶವಾಹಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಅದರ ಮೂಲ ಪೂರ್ವ ಆಫ್ರಿಕ ಅಥವಾ ಸಮೀಪಪ್ರಾಚ್ಯದಲ್ಲಿದ್ದೀತೆಂದು ಸೂಚಿಸಿದರು. ೨೦೦೯ರಲ್ಲಿ ರಾಜಸ್ಥಾನದ ಬಾಲಾಥಲ್ ಎಂಬಲ್ಲಿ ದೊರೆತ, ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಅಸ್ಥಿಪಂಜರವೊಂದರಲ್ಲಿ ಈ ರೋಗದ ಗುರುತುಗಳಿವೆಯೆಂದು ಪ್ರಕಟವಾಯಿತು. ಅಮೆರಿಕ ಖಂಡಕ್ಕೆ ಕುಷ್ಠವನ್ನು ಐರೋಪ್ಯರೇ ತಂದರೆಂಬ ಮಾತು ಸ್ಥಿರಪಟ್ಟಿದ್ದಾಗ, ಆ ಜೀವಾಣುವಿನ ಸೋದರಜಾತಿಯೊಂದು ಐರೋಪ್ಯರ ಆಗಮನಕ್ಕೆ ಮೊದಲೇ ಅಲ್ಲಿತ್ತೆಂದು ೨೦೨೫ರಲ್ಲಿ ತಿಳಿದುಬಂತು. ಮೂಲವನ್ನು ಕುರಿತ ವಾದಗಳು ಹೀಗೆ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತವೆ. ಆಪಾದನೆಗಳಿಗೆ ಮಾತ್ರ ಅಂಥ ಚಂಚಲತೆಯಿಲ್ಲ. ಹವಾಯಿ ದ್ವೀಪಗಳಲ್ಲಿ ಈ ರೋಗಕ್ಕೆ ‘ಚೀನೀಯರ ಬೇನೆ’ ಎಂಬ ಹೆಸರೇ ಬಿತ್ತು. ಕೆನಡದ ಪಶ್ಚಿಮ ತೀರದಲ್ಲಿ ೧೮೯೧ರಿಂದ ಚೀನೀ ರೋಗಿಗಳನ್ನು ಡಾರ್ಸಿ ಎಂಬ ನಡುಗಡ್ಡೆಯಲ್ಲಿ ಇರಿಸಲಾಯಿತು.

ನಮ್ಮ ಹಳೆಯ ಸಾಹಿತ್ಯದ ದೃಷ್ಟಿ ಬೇರೆ. ಜನ್ನನ ಯಶೋಧರ ಚರಿತೆಯಲ್ಲಿ ಅಮೃತಮತಿಗೆ ಕುಷ್ಠ ಬರುವುದು ಅವಳ ಪಾಪದ ಫಲವಾಗಿ. ಅಲ್ಲಿ ರೋಗಿ ತನ್ನ ರೋಗಕ್ಕೆ ತಾನೇ ಹೊಣೆ. ಹೊಸ ವರದಿಗಳಲ್ಲಿ ಅವನ ಊರು ಹೊಣೆ. ಎರಡರಲ್ಲಿ ಯಾವುದು ಹೆಚ್ಚು ನಿಷ್ಕರುಣವೆಂದು ಹೇಳುವುದು ಕಷ್ಟ. ಆಯುರ್ವೇದ ಗ್ರಂಥಗಳ ಆಧಾರದ ಮೇಲೆ ಈ ರೋಗದ ಪ್ರಾಚೀನತೆಯನ್ನು ಅಳೆಯಹೊರಡುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು: ಅಲ್ಲಿ ಏಳು ಮಹಾಕುಷ್ಠಗಳೂ ಹನ್ನೊಂದು ಕ್ಷುದ್ರಕುಷ್ಠಗಳೂ ಸೇರಿ ಹದಿನೆಂಟು ಬಗೆಗಳಿದ್ದು, ಅನೇಕ ಚರ್ಮರೋಗಗಳು ಆ ಒಂದೇ ಹೆಸರಿನ ಕೆಳಗೆ ಬರುತ್ತವೆ.

ವಲಸೆಗೂ ಕುಷ್ಠಕ್ಕೂ ಇರುವ ಸಂಬಂಧವನ್ನು ಮೊಟ್ಟಮೊದಲು ಸ್ಥಳಕ್ಕೆ ಹೋಗಿ ಪರೀಕ್ಷಿಸಿದವರಲ್ಲಿ ಒಬ್ಬನು ಈ ರೋಗದ ಜೀವಾಣುವನ್ನು ಕಂಡುಹಿಡಿದ ನಾರ್ವೆಯ ಹ್ಯಾನ್ಸೆನ್ ಎಂಬುದು ಗಮನಾರ್ಹ. ೧೯ನೆಯ ಶತಮಾನದ ನಾರ್ವೆ ಬಡ ರಾಷ್ಟ್ರ. ಕುಷ್ಠರೋಗ ಅದರ ಪಶ್ಚಿಮ ತೀರದ ಹಳ್ಳಿಗಳನ್ನು ಹಿಡಿದು ಕಾಡುತ್ತಿತ್ತು. ೧೮೫೬ರಲ್ಲಿ ಆ ಸರ್ಕಾರ ರೋಗಿಗಳ ರಾಷ್ಟ್ರೀಯ ದಾಖಲೆಯೊಂದನ್ನು ಆರಂಭಿಸಿದಾಗ ಅದರಲ್ಲಿ ೨,೮೦೦ಕ್ಕೂ ಹೆಚ್ಚು ಹೆಸರುಗಳಿದ್ದವು. ಬರ್ಗೆನ್ ನಗರದ ಹಿರಿಯ ವೈದ್ಯನಾದ ಡ್ಯಾನಿಯೆಲ್ಸನ್ ಇದು ಆನುವಂಶಿಕ ರೋಗವೆಂದು ನಂಬಿದ್ದನು. ಅವನ ಅಳಿಯನೇ ಆದ ಹ್ಯಾನ್ಸೆನ್ ೧೮೭೩ರಲ್ಲಿ ಜೀವಾಣುವನ್ನು ಗುರುತಿಸಿ, ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೆಂದು ವಾದಿಸಿದನು. ಆ ಹೊತ್ತಿಗೆ ನಾರ್ವೆಯ ಸಾವಿರಾರು ರೈತರು ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟ, ಡಕೋಟ ಪ್ರಾಂತಗಳಿಗೆ ಗುಳೆ ಹೋಗಿದ್ದರು. ಅವರಲ್ಲಿ ರೋಗಿಗಳೂ ಇದ್ದರು. ರೋಗ ರಕ್ತದಲ್ಲಿ ಬರುವುದಾದರೆ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅದು ತೋರಲೇಬೇಕು. ೧೮೮೦ರ ದಶಕದ ಕೊನೆಯಲ್ಲಿ ಹ್ಯಾನ್ಸೆನ್ ಸಮುದ್ರ ದಾಟಿ ಹೋಗಿ ಆ ಕುಟುಂಬಗಳನ್ನು ಹುಡುಕಿದನು. ಸುಮಾರು ೧೬೦ ಮಂದಿ ರೋಗಿಗಳು ಅಲ್ಲಿಗೆ ವಲಸೆ ಬಂದಿದ್ದರೂ ಅವರ ಸಂತತಿಯಲ್ಲಿ ಒಬ್ಬನೇ ಒಬ್ಬ ರೋಗಿಯೂ ಅವನಿಗೆ ಸಿಗಲಿಲ್ಲ.

ಹ್ಯಾನ್ಸೆನ್ ಇದನ್ನು ಆನುವಂಶಿಕ ವಾದದ ಖಂಡನೆಗೆ ಬಳಸಿಕೊಂಡನು. ಅದು ಯುಕ್ತವೇ ಆಗಿತ್ತು. ಆದರೆ ಅದೇ ಸಾಕ್ಷ್ಯವು ಇನ್ನೊಂದು ವಾದವನ್ನೂ ಖಂಡಿಸುತ್ತದೆಂಬುದನ್ನು ಅವನ ಕಾಲದವರು ಹೆಚ್ಚಾಗಿ ಮನಸ್ಸಿಗೆ ತಂದುಕೊಳ್ಳಲಿಲ್ಲ. ರೋಗಿ ಬಂದ ಮಾತ್ರಕ್ಕೆ ರೋಗ ಬಂದು ನೆಲೆಸುವುದಾಗಿದ್ದರೆ ಮಿನ್ನೆಸೋಟದಲ್ಲಿ ಅದು ಬೇರುಬಿಡಬೇಕಾಗಿತ್ತು. ಬಿಡಲಿಲ್ಲ. ಇರುಕಿಲ್ಲದ ಮನೆ, ರೋಗಿಗೆ ಪ್ರತ್ಯೇಕ ಹಾಸಿಗೆ, ಶುಚಿತ್ವ ಇವುಗಳಲ್ಲಿ ಅವನು ಕಾರಣವನ್ನು ಕಂಡನು. ಇತ್ತ ಸ್ವದೇಶವಾದ ನಾರ್ವೆಯಲ್ಲಿಯೂ ಔಷಧವೊಂದು ಹುಟ್ಟುವ ಮುನ್ನವೇ ರೋಗ ಇಳಿಮುಖವಾಗಿ, ಆ ಶತಮಾನ ಮುಗಿಯುವ ವೇಳೆಗೆ ರೋಗಿಗಳ ಸಂಖ್ಯೆ ಕೆಲವು ನೂರಕ್ಕೆ ನಿಂತಿತು. ಜೀವಾಣುವನ್ನು ಹೊತ್ತವನ ಪ್ರಯಾಣಕ್ಕಿಂತ ಅವನು ಹೋಗಿ ಸೇರಿದ ಮನೆಯ ಸ್ಥಿತಿ ಮುಖ್ಯವೆಂಬುದು ನೂರಮೂವತ್ತು ವರ್ಷಗಳ ಹಿಂದೆಯೇ ಹೀಗೆ ಕಣ್ಣೆದುರಿಗಿತ್ತು.

೩

ಭಾರತದಲ್ಲಿ ಈ ವಿಚಾರ ಹಿಡಿದ ದಾರಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ೧೮೮೯ರಲ್ಲಿ ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಪಾದ್ರಿ ಡೇಮಿಯನ್ ಕುಷ್ಠದಿಂದ ತೀರಿಕೊಂಡ ಸುದ್ದಿ ಯೂರೋಪನ್ನು ಕಲಕಿತು. ರೋಗಿಗಳ ಸೇವೆ ಮಾಡುತ್ತಿದ್ದ ಬಿಳಿಯನಿಗೆ ರೋಗ ಅಂಟಿತೆಂದರೆ ಸಾಮ್ರಾಜ್ಯದ ಗತಿಯೇನೆಂಬ ಭಯ ಇಂಗ್ಲೆಂಡಿನಲ್ಲಿ ಹುಟ್ಟಿ, ಅಲ್ಲಿ ಕೂಡಿದ ನಿಧಿಯಿಂದ ೧೮೯೦–೯೧ರಲ್ಲಿ ಕುಷ್ಠರೋಗ ಆಯೋಗವೊಂದು ಭಾರತಕ್ಕೆ ಬಂತು. ಆಯೋಗದವರು ಸಂಚರಿಸಿ, ಆಶ್ರಮಗಳನ್ನು ನೋಡಿ, ಕೊಟ್ಟ ತೀರ್ಪು ಅವರನ್ನು ಕಳುಹಿಸಿದವರಿಗೆ ರುಚಿಸಲಿಲ್ಲ. ರೋಗ ಆನುವಂಶಿಕವಲ್ಲ, ಅಂಟುವ ಗುಣವಿದ್ದರೂ ಅದು ಅತ್ಯಲ್ಪ, ಕಡ್ಡಾಯ ಪ್ರತ್ಯೇಕತೆಗೆ ಆಧಾರವಿಲ್ಲ ಎಂದು ಅವರು ಬರೆದರು. ಲಂಡನ್ನಿನ ಸಮಿತಿಯಲ್ಲಿಯೇ ಭಿನ್ನಾಭಿಪ್ರಾಯ ಹುಟ್ಟಿತು.

ಇಷ್ಟಾಗಿಯೂ ೧೮೯೮ರಲ್ಲಿ ಕುಷ್ಠರೋಗಿಗಳ ಕಾಯಿದೆ ಜಾರಿಗೆ ಬಂತು. ಈ ಕಾಯಿದೆಯನ್ನು ಓದುವ ವಿದ್ಯಾರ್ಥಿ ಅದರ ವ್ಯಾಖ್ಯಾನಗಳನ್ನು ಎರಡು ಸಲ ಓದಬೇಕು. ಅದು ಹಿಡಿಯಹೊರಟದ್ದು ಎಲ್ಲ ರೋಗಿಗಳನ್ನೂ ಅಲ್ಲ. ಬೀದಿಯಲ್ಲಿ ಭಿಕ್ಷೆ ಬೇಡುವ ಅಥವಾ ಜೀವನೋಪಾಯ ಕಾಣದೆ ಅಲೆಯುವ ‘ನಿರ್ಗತಿಕ’ ರೋಗಿಯನ್ನು ಮಾತ್ರ ವಾರಂಟಿಲ್ಲದೆ ಹಿಡಿದು ಆಶ್ರಮಕ್ಕೆ ಕಳುಹಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಹೊಲಮನೆಯುಳ್ಳ ರೋಗಿ ಮನೆಯಲ್ಲಿಯೇ ಇರಬಹುದಾಗಿತ್ತು. ಜೀವಾಣುವಿಗೆ ಆಸ್ತಿಯ ಭೇದ ತಿಳಿಯದು, ಕಾಯಿದೆಗೆ ತಿಳಿದಿತ್ತು. ರೋಗವನ್ನು ತಡೆಯುವ ಹೆಸರಿನಲ್ಲಿ ಬಡವನ ಸಂಚಾರವನ್ನು ತಡೆದ ಈ ಶಾಸನ ಪೂರ್ಣವಾಗಿ ರದ್ದಾದದ್ದು ೨೦೧೬ರಲ್ಲಿ. ದಂಪತಿಗಳಲ್ಲಿ ಒಬ್ಬರಿಗೆ ಕುಷ್ಠವಿದ್ದರೆ ಅದನ್ನೇ ವಿಚ್ಛೇದನಕ್ಕೆ ಆಧಾರವಾಗಿಸಬಹುದೆಂಬ ವಿಧಿ ವೈಯಕ್ತಿಕ ಕಾನೂನುಗಳಿಂದ ಹೋದದ್ದು ಇನ್ನೂ ತಡವಾಗಿ, ೨೦೧೯ರಲ್ಲಿ. ಈ ರೋಗಕ್ಕೆ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೧೯೮೧ರಲ್ಲಿಯೇ ಶಿಫಾರಸು ಮಾಡಿದ್ದರೆಂಬುದನ್ನು ನೆನೆದರೆ, ಔಷಧಕ್ಕಿಂತ ಕಾನೂನು ಎಷ್ಟು ನಿಧಾನವಾಗಿ ನಡೆಯುತ್ತದೆಂಬುದು ತಿಳಿದೀತು.

ಅಂಕಿಗಳ ಸ್ಥಿತಿ ಹೇಗಿತ್ತು? ೧೮೮೧ರಿಂದ ೧೯೩೧ರವರೆಗಿನ ಜನಗಣತಿಗಳಲ್ಲಿ ಬುದ್ಧಿವಿಕಲರು, ಕಿವುಡಮೂಕರು, ಕುರುಡರು, ಕುಷ್ಠರೋಗಿಗಳು ಎಂಬ ನಾಲ್ಕು ‘ಅಂಗವೈಕಲ್ಯ’ಗಳನ್ನು ಎಣಿಸುತ್ತಿದ್ದರು. ಎಣಿಸುವವರು ಊರಿನ ಶಾನುಭೋಗರು, ಶಾಲಾ ಮಾಸ್ತರರು. ಬಿಳಿ ತೊನ್ನನ್ನು ಕುಷ್ಠವೆಂದು ಬರೆಯಬಾರದೆಂಬ ಸೂಚನೆಯನ್ನು ಅವರಿಗೆ ಮತ್ತೆ ಮತ್ತೆ ಕೊಡಬೇಕಾಗುತ್ತಿತ್ತು ಎಂಬುದರಿಂದಲೇ ಎಣಿಕೆಯ ಯೋಗ್ಯತೆ ವಿದಿತವಾಗುತ್ತದೆ. ಹೆಂಗಸರ ಸಂಖ್ಯೆ ಗಂಡಸರದಕ್ಕಿಂತ ಬಹಳ ಕಡಿಮೆ ಬರುತ್ತಿತ್ತು. ಮನೆಯ ಹೆಂಗಸಿನ ಮೈಮೇಲಿನ ಮಚ್ಚೆಯನ್ನು ಶಾನುಭೋಗರಿಗೆ ಯಾರು ಹೇಳಿಯಾರು? ಆಶ್ರಮವಿರುವ ಊರುಗಳಲ್ಲಿ, ಯಾತ್ರಾಸ್ಥಳಗಳಲ್ಲಿ ರೋಗಿಗಳ ಸಂಖ್ಯೆ ಉಬ್ಬುತ್ತಿತ್ತು. ರಥಬೀದಿಯಲ್ಲಿ ಭಿಕ್ಷೆಗೆ ಕುಳಿತವರನ್ನು ಎಣಿಸಿ ಆ ಊರಿನ ನೀರಿಗೋ ಮಣ್ಣಿಗೋ ರೋಗವನ್ನು ಆರೋಪಿಸಿದರೆ ಹೇಗೋ, ಕಾರ್ಖಾನೆಯ ವಸತಿಯಲ್ಲಿ ಸಿಕ್ಕ ರೋಗಿಗಳನ್ನು ಎಣಿಸಿ ಅವರ ರಾಜ್ಯವನ್ನು ದೂರುವುದೂ ಹಾಗೆಯೇ. ಎಣಿಕೆ ನಡೆದ ಸ್ಥಳ, ರೋಗ ಅಂಟಿದ ಸ್ಥಳ, ಹುಟ್ಟಿದ ಸ್ಥಳ ಇವು ಮೂರು ಬೇರೆ ಬೇರೆ ಸಂಗತಿಗಳು.

೪

ಈಗ ‘ನಮ್ಮ ಕಡೆ ಇಲ್ಲದ’ ಎಂಬ ಮಾತಿಗೆ ಬರೋಣ. ‘ನಮ್ಮ ಕಡೆ’ ಎಂದರೆ ಯಾವುದು? ಬಳ್ಳಾರಿ ಜಿಲ್ಲೆಯ ನೂರೈವತ್ತು ವರ್ಷಗಳ ರೋಗಚರಿತ್ರೆಯನ್ನು ಒಂದೇ ಗೆರೆಯಲ್ಲಿ ಬಿಡಿಸಬಹುದೆಂದು ಭಾವಿಸುವವರು ಮೊದಲು ಭೂಪಟವನ್ನು ನೋಡಬೇಕು. ೧೮೮೨ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಯಿತು. ಸಂಡೂರು ೧೯೪೯ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನ. ಅದರ ಲೆಕ್ಕಗಳು ಬೇರೆ. ೧೯೫೩ರ ಅಕ್ಟೋಬರ್ ೧ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ ಉಳಿದದ್ದು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆಗೆ ಹೋಗಿ ಮುಂದೆ ಹಿಂದಿರುಗಿತು. ೨೦೨೧ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿ ಮಾಡಿಕೊಂಡು ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಹಂಪೆ ಅದರ ಪಾಲಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಹೆಸರು ಒಂದೇ, ನೆಲ ಬೇರೆ. ಕಂಪ್ಲಿಯಿಂದ ಹೊಳೆ ದಾಟಿದರೆ ಗಂಗಾವತಿ. ೧೯೪೮ರವರೆಗೆ ಅದು ನಿಜಾಮರ ಸೀಮೆ. ಹೊಳೆಯ ಆಚೆಯ ರೋಗಿಯನ್ನು ಈಚೆಯ ಪಟ್ಟಿ ಕಾಣುತ್ತಿರಲಿಲ್ಲ. ಮದುವೆ ಮುಂಜಿ, ಜಾತ್ರೆ, ಸಂತೆಗಳೆಲ್ಲ ಹೊಳೆಯ ಎರಡೂ ದಂಡೆಗೆ ಸೇರಿದ್ದವು.

ಇಲ್ಲಿಯ ಜನರೂ ನಿಂತ ನೀರಾಗಿರಲಿಲ್ಲ. ೧೮೭೬–೭೮ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಸತ್ತವರು ಸತ್ತರು, ಬದುಕಿದವರಲ್ಲಿ ಅನೇಕರು ಊರು ಬಿಟ್ಟರು. ‘ಗುಳೆ’ ಎಂಬ ಮಾತು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಮಳೆ ತಪ್ಪಿದ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಹೋಗುವುದು ಇಂದಿಗೂ ನಡೆದಿದೆ. ಅಲ್ಲಿಯ ಆರೋಗ್ಯ ಕೇಂದ್ರದ ಪುಸ್ತಕದಲ್ಲಿ ಕೂಡ್ಲಿಗಿಯವನು ಹೊರಗಿನವನು. ನನ್ನನ್ನು ಪ್ರಶ್ನೆ ಕೇಳಿದ ವಿದ್ಯಾರ್ಥಿಯ ತಂದೆಯೂ ಕೆಲವು ವರ್ಷ ಗೋವೆಯಲ್ಲಿ ಗಾರೆ ಕೆಲಸ ಮಾಡಿದವರೆಂದು ಅನಂತರ ಅವನಿಂದಲೇ ತಿಳಿಯಿತು.

ಬಂದವರ ವಿಚಾರದಲ್ಲಿ ಇನ್ನೂ ಒಂದು ಪ್ರಕರಣವನ್ನು ಪರಿಶೀಲಿಸಬೇಕಾಗಿದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ ೧೯೪೫ರಲ್ಲಿ ಪ್ರಾರಂಭವಾಗಿ ೧೯೫೩ರಲ್ಲಿ ನೀರು ಕಾಲುವೆಗಳಿಗೆ ಹರಿಯಿತು. ಕಟ್ಟುವ ಕಾಲದಲ್ಲಿ ದೂರದ ಜಿಲ್ಲೆಗಳಿಂದ ಕೂಲಿಗಳು ಬಂದು ಹೊಸಪೇಟೆಯ ಬಳಿ ಬಿಡಾರ ಹೂಡಿದರು. ಕಟ್ಟಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದು ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿಗಳ ಸುತ್ತ ಭೂಮಿ ಕೊಂಡು ಭತ್ತ ಬೆಳೆದರು. ಅವರು ನೆಲಸಿದ ಊರುಗಳಿಗೆ ಇಂದಿಗೂ ‘ಕ್ಯಾಂಪು’ ಎಂಬ ಹೆಸರೇ ಇದೆ. ಆ ದಶಕಗಳಲ್ಲಿ ಆಂಧ್ರದ ಕರಾವಳಿ, ಅದರಲ್ಲಿಯೂ ಶ್ರೀಕಾಕುಳ, ವಿಶಾಖಪಟ್ಟಣಗಳ ಕಡೆ, ಕುಷ್ಠರೋಗ ಭಾರತದಲ್ಲಿಯೇ ಅತಿ ದಟ್ಟವಾಗಿದ್ದ ಪ್ರದೇಶಗಳಲ್ಲೊಂದು. ಇಂದಿನ ವರದಿಗಳ ತರ್ಕವನ್ನು ಅನ್ವಯಿಸಿದರೆ ಅಂದು ನಮ್ಮ ಸೀಮೆಯವರು ಕ್ಯಾಂಪಿನವರನ್ನು ಕಂಡು ಹೌಹಾರಬೇಕಾಗಿತ್ತು. ನಾನು ಕಂಪ್ಲಿಯ ಸುತ್ತಮುತ್ತ ಬೆಳೆದವನು. ಕ್ಯಾಂಪಿನವರ ಮೇಲೆ ಊರಿನ ಹಿರಿಯರು ಆಡುತ್ತಿದ್ದ ದೂರುಗಳನ್ನು ಬೇಕಾದಷ್ಟು ಕೇಳಿದ್ದೇನೆ: ಕಾಲುವೆಯ ನೀರನ್ನು ಮೇಲೆಯೇ ಹಿಡಿದರು, ಹೊಲದ ಬೆಲೆ ಏರಿಸಿದರು, ಗೊಬ್ಬರ ಸುರಿದು ಭೂಮಿ ಕೆಡಿಸಿದರು. ರೋಗ ತಂದರೆಂಬ ಮಾತನ್ನು ಒಮ್ಮೆಯೂ ಕೇಳಲಿಲ್ಲ. ಅವರು ಭೂಮಿ ಕೊಂಡು ಬಂದವರು. ತೋರಣಗಲ್ಲಿನ ಬಾಡಿಗೆ ಖೋಲಿಯಲ್ಲಿ ಎಂಟು ಹತ್ತು ಮಂದಿ ಮಲಗುವ ಗುತ್ತಿಗೆಯ ಕೂಲಿ ಏನನ್ನೂ ಕೊಂಡು ಬಂದಿಲ್ಲ. ೧೮೯೮ರ ಕಾಯಿದೆಯ ಭೇದಬುದ್ಧಿ ಕಾಯಿದೆ ಹೋದ ಮೇಲೂ ನಮ್ಮ ಮಾತಿನಲ್ಲಿ ಉಳಿದಿದೆಯೆಂದು ಹೇಳದೆ ವಿಧಿಯಿಲ್ಲ.

೫

ಇನ್ನು ಲೆಕ್ಕದ ವಿಚಾರ. ಕುಷ್ಠದ ಜೀವಾಣು ಅತ್ಯಂತ ನಿಧಾನವಾಗಿ ಬೆಳೆಯುವಂಥದು. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದ್ಯು ವರ್ಷ; ಇಪ್ಪತ್ತು ವರ್ಷ ಅಥವಾ ಅದಕ್ಕಿಂತಲೂ ಹೆಚ್ಚು ಹಿಡಿಯುವುದುಂಟು. ಬಹುಪಾಲು ಜನರಿಗೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಚಿಕಿತ್ಸೆ ಪಡೆಯದ ರೋಗಿಯೊಂದಿಗೆ ಬಹುಕಾಲ ನಿಕಟವಾಗಿ ಬಾಳಿದವರಿಗೇ ಸಾಮಾನ್ಯವಾಗಿ ಇದು ತಗಲುತ್ತದೆ. ೨೦೨೦ರ ಜೂನಿನಲ್ಲಿ ತೋರಣಗಲ್ಲಿನ ಕಾರ್ಖಾನೆಯ ಕೆಲಸಗಾರರಲ್ಲಿ ಕೋವಿಡ್ ಹರಡಿದಾಗ ಯಾರು ಯಾವಾಗ ಯಾರೊಡನೆ ಇದ್ದರೆಂದು ದಿನಗಳ ಲೆಕ್ಕದಲ್ಲಿ ಹುಡುಕುವುದು ಸಾಧ್ಯವಿತ್ತು. ಹತ್ತು ವರ್ಷಗಳಲ್ಲಿ ಸೂರತ್, ಪುಣೆ, ತೋರಣಗಲ್ಲುಗಳಲ್ಲಿ ದುಡಿದು, ನಡುನಡುವೆ ಊರಿಗೂ ಹೋಗಿ ಬಂದ ಕೆಲಸಗಾರನ ತೋಳಿನ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡಾಗ, ಅದು ಎಲ್ಲಿಯ ಸೋಂಕೆಂದು ಯಾವ ವೈದ್ಯನೂ ಆಣೆ ಮಾಡಿ ಹೇಳಲಾರನು. ಅವನ ಆಧಾರ್ ಚೀಟಿಯಲ್ಲಿರುವ ವಿಳಾಸವನ್ನು ರೋಗದ ವಿಳಾಸವೆಂದು ಬರೆದುಕೊಳ್ಳುವುದು ಅನುಕೂಲವಾದೀತು, ಪ್ರಮಾಣವಾಗಲಾರದು.

ಶೇಕಡಾವಾರು ಲೆಕ್ಕ ಇನ್ನೂ ಮೋಸದ್ದು. ಒಂದು ತಾಲ್ಲೂಕಿನಲ್ಲಿ ಒಂದು ವರ್ಷ ಹತ್ತು ಹೊಸ ರೋಗಿಗಳು ಸಿಕ್ಕಿ, ಅವರಲ್ಲಿ ಆರು ಮಂದಿ ಹೊರರಾಜ್ಯದವರು, ನಾಲ್ವರು ಸ್ಥಳೀಯರು ಎಂದು ಊಹಿಸಿಕೊಳ್ಳೋಣ. ಮರುವರ್ಷ ಸ್ಥಳೀಯರು ಇಬ್ಬರೇ ಸಿಕ್ಕರು, ಹೊರಗಿನವರು ಆರು ಮಂದಿಯೇ. ವಲಸಿಗರ ಪಾಲು ಶೇಕಡಾ ೬೦ರಿಂದ ೭೫ಕ್ಕೆ ಏರಿತೆಂದು ವರದಿ ಹೇಳುತ್ತದೆ. ವಲಸಿಗರಲ್ಲಿ ಒಬ್ಬ ರೋಗಿಯೂ ಹೆಚ್ಚಿಲ್ಲ. ಎಷ್ಟು ವಲಸಿಗರಲ್ಲಿ ಆರು ಮಂದಿ ಎಂಬುದು ತಿಳಿಯದೆ ಆ ಆರಕ್ಕೆ ಅರ್ಥವೂ ಇಲ್ಲ. ೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯದೆ ಹೋದುದರಿಂದ, ಗುತ್ತಿಗೆಯ ಮೇಲೆ ಬಂದು ಹೋಗುವವರ ಸಂಖ್ಯೆಯನ್ನು ೨೦೧೧ರ ಅಂಕಿಗಳಿಂದ ಊಹಿಸುವ ಪರಿಸ್ಥಿತಿ ಉಂಟಾಯಿತು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಆ ಒಂದು ವರ್ಷದಲ್ಲಿಯೇ ಸಂಡೂರಿನ ಕೂಲಿಗಳ ಸಂಖ್ಯೆ ಎಷ್ಟು ಏರುಪೇರಾಯಿತೆಂಬುದನ್ನು ಕಂಡವರು ಇಂಥ ಊಹೆಯನ್ನು ನಂಬಲಾರರು. ಇದರ ಮೇಲೆ, ಕೆಲಸಕ್ಕೆ ಸೇರುವಾಗ ವೈದ್ಯ ಪರೀಕ್ಷೆಗೆ ಮೈಯೊಡ್ಡುವವನ ರೋಗ ಬೇಗ ಸಿಕ್ಕುತ್ತದೆ, ಹಳ್ಳಿಯ ಮನೆಯೊಳಗಿನ ಹೆಂಗಸಿನದು ಸಿಕ್ಕುವುದಿಲ್ಲ. ಹುಡುಕಿದ ಕಡೆ ಸಿಕ್ಕಿತೆಂಬುದಕ್ಕೂ ಇದ್ದ ಕಡೆ ಇತ್ತೆಂಬುದಕ್ಕೂ ಇರುವ ಅಂತರ ಇದು.

ಹಾಗಾದರೆ ಒಂದು ಸ್ಥಳದಲ್ಲಿ ರೋಗ ಇನ್ನೂ ಹರಡುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆಯೇ ಇಲ್ಲವೆ? ಇದೆ. ನಾರ್ವೆಯ ಹಳೆಯ ದಾಖಲೆಯನ್ನು ೧೯೮೦ರಲ್ಲಿ ಮರುಪರಿಶೀಲಿಸಿದ ಇರ್ಗೆನ್ಸ್ ಎಂಬ ವಿದ್ವಾಂಸನು, ರೋಗ ಕ್ಷೀಣಿಸುತ್ತಿರುವ ಕಡೆ ಹೊಸ ರೋಗಿಗಳ ವಯಸ್ಸು ಏರುತ್ತ ಹೋಗುತ್ತದೆಂದು ತೋರಿಸಿದನು: ಹೊಸ ಸೋಂಕು ನಿಂತ ಮೇಲೆ ಉಳಿಯುವವರು ಬಹಳ ಹಿಂದೆ ಸೋಂಕು ತಗಲಿದ ಮುದುಕರು. ಇದಕ್ಕೆ ವ್ಯತಿರಿಕ್ತವಾಗಿ ಮಕ್ಕಳಲ್ಲಿ ರೋಗ ಕಂಡರೆ ಸೋಂಕು ಈಚಿನದು, ಹತ್ತಿರದ್ದು. ಹದಿನೈದು ವರ್ಷದೊಳಗಿನ ಹೊಸ ರೋಗಿಗಳ ಸಂಖ್ಯೆಯನ್ನು ರಾಷ್ಟ್ರೀಯ ಕಾರ್ಯಕ್ರಮವು ಪ್ರತ್ಯೇಕವಾಗಿ ಬರೆಯುವುದು ಈ ಕಾರಣದಿಂದಲೇ. ಈ ಊರಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಗೆ ಹೋಗುವ ಮಗುವಿನ ಮೈಮೇಲೆ ಮಚ್ಚೆ ಕಂಡಾಗ ಯಾವ ವಲಸಿಗನ ಹೆಗಲ ಮೇಲೂ ಅದನ್ನು ಹೊರಿಸಿ ಸುಮ್ಮನಾಗುವಂತಿಲ್ಲ. ಆ ಮನೆಯಲ್ಲಿ, ನೆರೆಯಲ್ಲಿ ಚಿಕಿತ್ಸೆಯಿಲ್ಲದ ರೋಗಿ ಇದ್ದಾನೆಂದೇ ಅದರ ಅರ್ಥ. ಪತ್ತೆಯಾಗುವ ಹೊತ್ತಿಗೇ ಕೈಕಾಲು, ಕಣ್ಣುಗಳು ಊನವಾದವರ ಪ್ರಮಾಣವು ನಾವು ಎಷ್ಟು ತಡವಾಗಿ ಹುಡುಕುತ್ತಿದ್ದೇವೆಂಬುದನ್ನು ತಿಳಿಸುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಉಕ್ಕಿನ ಕಾರ್ಖಾನೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಈ ರೋಗ ರಾಜ್ಯದ ದಕ್ಷಿಣ ಭಾಗಕ್ಕಿಂತ ಹೆಚ್ಚಾಗಿತ್ತು. ‘ಇಲ್ಲದ ರೋಗ’ ಎಂಬ ಮಾತು ನಿಲ್ಲುವುದಿಲ್ಲ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ರೋಗ ದಟ್ಟವಾಗಿರುವ ರಾಜ್ಯಗಳಿಂದ ಬಂದವರಲ್ಲಿ ರೋಗಿಗಳು ಹೆಚ್ಚು ಸಿಕ್ಕುವುದು ಸಹಜ. ಅದನ್ನು ಮುಚ್ಚಿಡುವುದರಿಂದ ಅವರಿಗೇ ಹಾನಿ. ಅವರ ಬಿಡಾರಗಳಿಗೆ ಹೋಗಿ ಪರೀಕ್ಷಿಸಬೇಕೆಂಬ ಸಲಹೆ ಸರಿಯಾದದ್ದು. ಆದರೆ ಪರೀಕ್ಷಿಸುವವನು ಯಾವ ಪುಸ್ತಕವನ್ನು ಹಿಡಿದು ಹೋಗುತ್ತಾನೆಂಬುದರ ಮೇಲೆ ಫಲ ನಿಂತಿದೆ. ಚಿಕಿತ್ಸೆ ಉಚಿತ, ಆರು ತಿಂಗಳು ಅಥವಾ ಹನ್ನೆರಡು ತಿಂಗಳು ಮಾತ್ರೆ ನುಂಗಬೇಕು, ಪ್ರಾರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ಹರಡುವುದು ನಿಲ್ಲುತ್ತದೆ. ಗುತ್ತಿಗೆಯ ಕೂಲಿ ಆರು ತಿಂಗಳು ಒಂದೇ ಕಡೆ ನಿಲ್ಲುವನೆಂಬ ಭರವಸೆಯಿಲ್ಲ. ಅವನು ಬೇರೆ ಊರಿಗೆ ಹೋದಾಗ ಉಳಿದ ಮಾತ್ರೆಗಳು ಯಾರ ಹೊಣೆ? ಕಾರ್ಯಕ್ರಮದ ಲೆಕ್ಕದಲ್ಲಿ ಮರುಕಳಿಸಿದವರು, ಚಿಕಿತ್ಸೆ ನಡುವೆ ಬಿಟ್ಟು ಮತ್ತೆ ಬಂದವರು, ಬೇರೆಡೆಯಿಂದ ಕಳುಹಿಸಲ್ಪಟ್ಟವರು ಇವರಿಗೆಲ್ಲ ‘ಇತರೆ’ ಎಂಬ ಅಂಕಣವಿದೆ. ಹೊಸ ರೋಗಿಗಳ ಸಂಖ್ಯೆ ಶುದ್ಧವಾಗಿರಲೆಂಬುದು ಅದರ ಉದ್ದೇಶ, ಅದು ಯೋಗ್ಯವಾದದ್ದೇ. ಆದರೆ ಜಿಲ್ಲೆಯ ಸಾಧನೆಯನ್ನು ಅಳೆಯುವ ಅಂಕಿಯಿಂದ ಹೊರಗುಳಿದವನು ಜಿಲ್ಲೆಯ ಗಮನದಿಂದಲೂ ಹೊರಗುಳಿಯುವ ಅಪಾಯ ಸದಾ ಇದೆ. ಕೆಲಸ ಹೋದೀತೆಂಬ ಭಯದಿಂದ ತೋಳಿನ ಮಚ್ಚೆಯನ್ನು ಅಂಗಿಯಿಂದ ಮುಚ್ಚಿಕೊಳ್ಳುವವನಿಗೆ, ನೀನು ರೋಗ ತಂದವನು ಎಂದು ಊರು ಮೊದಲೇ ಹೇಳಿಬಿಟ್ಟಿದ್ದರೆ, ಅವನು ಅಂಗಿ ಬಿಚ್ಚುವುದು ಬೆರಳುಗಳು ಮಡಿಚಿಕೊಂಡ ಮೇಲೆಯೇ.

ಈ ವಿಷಯದಲ್ಲಿ ಕೆಲಸ ಮಾಡಬಯಸುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬಳ್ಳಾರಿ ಸೀಮೆ ಒಳ್ಳೆಯ ಕ್ಷೇತ್ರ. ಮದ್ರಾಸು ಪ್ರಾಂತದ ಜನಗಣತಿ ಸಂಪುಟಗಳ ಅಂಗವೈಕಲ್ಯ ಕೋಷ್ಟಕಗಳು, ೧೯೦೪ರಲ್ಲಿ ಪ್ರಕಟವಾದ ಫ್ರಾನ್ಸಿಸನ ಬಳ್ಳಾರಿ ಗೆಜೆಟಿಯರ್, ತಾಲ್ಲೂಕು ಆಸ್ಪತ್ರೆಗಳ ಹಳೆಯ ಪುಸ್ತಕಗಳು ಇವನ್ನು ಒಂದೆಡೆ ಇಟ್ಟು, ಪ್ರತಿ ಅಂಕಿಯೂ ಯಾವ ನೆಲಕ್ಕೆ ಸೇರಿದ್ದೆಂಬುದನ್ನು ಮೊದಲು ಗೊತ್ತುಪಡಿಸಿಕೊಳ್ಳಬೇಕು. ಆಸ್ಪತ್ರೆಯ ಪುಸ್ತಕಗಳಲ್ಲಿ ರೋಗಿಗಳ ಹೆಸರುಗಳಿರುತ್ತವೆ. ಅವನ್ನು ನಕಲು ಮಾಡಿಕೊಳ್ಳಕೂಡದು. ಬೇಕಾದದ್ದು ವಯಸ್ಸು, ಊರು ಬಿಟ್ಟ ವರ್ಷ, ಮಚ್ಚೆ ಮೊದಲು ಕಂಡ ವರ್ಷ, ಚಿಕಿತ್ಸೆ ಮುಗಿಯಿತೋ ಇಲ್ಲವೋ ಎಂಬ ನಾಲ್ಕು ಸಂಗತಿಗಳು ಮಾತ್ರ.